ಹೂಂಗುಟ್ಟುವವನು

ಗುರುವಾರ ಬಂತೆಂದರೆ ಅವನ ಕುಂಟು ಜಾಸ್ತಿಯಾಗುತ್ತಿತ್ತು. ಇದಕ್ಕೂ ಮೊಣಕಾಲಿಗೂ ಸಂಬಂಧವಿಲ್ಲವೆಂದು ಅವನಿಗೆ ಗೊತ್ತಿತ್ತು. ಮೊಣಕಾಲಿಗಂತೂ ಚೆನ್ನಾಗಿಯೇ ಗೊತ್ತಿತ್ತು. ನಿನ್ನೆ ಬುಧವಾರ, ಮೂರು ಮಹಡಿಯ ಮೆಟ್ಟಿಲನ್ನು ಪಕ್ಕದ ಕಂಬಿ ಹಿಡಿಯದೆ ಹತ್ತಿ ಬಂದಿದ್ದ ಕಾಲು ಅದು. ಈಗ ಬೆಳಿಗ್ಗೆ ಆರೂವರೆಗೆ ಹಾಸಿಗೆಯ ಮೇಲೆ ಕೂತು, ಅಂಗಾಲಿಗೆ ಟವಲು ಸಿಕ್ಕಿಸಿ, ಎರಡೂ ಕೈಯಿಂದ ತನ್ನತ್ತ ಎಳೆದುಕೊಳ್ಳುತ್ತ ಒಂದು, ಎರಡು, ಮೂರು ಎಂದು ಎಣಿಸುವಾಗಲೇ ಸಂಜೆಯ ಯೋಚನೆ ಶುರುವಾಗಿತ್ತು. ಆರು ಗಂಟೆಗೆ ಮೇಷ್ಟ್ರು ಬರುತ್ತಾರೆ. ಕುರ್ಚಿ ಒರೆಸಬೇಕು. ಇಸ್ತ್ರಿ ಮಾಡಿದ ಅಂಗಿ ಒಂದಾದರೂ ಉಳಿದಿದೆಯೋ ಇಲ್ಲವೋ. ಹುಟ್ಟಿನಿಂದ ಕಣ್ಣು ಕಾಣದವರ ಎದುರು ಕೂರುವುದಕ್ಕೆ ಇಸ್ತ್ರಿ ಅಂಗಿ ಯಾಕಪ್ಪಾ? ಹಾಗೆ ಕೇಳುವವರು ಆ ಮನೆಯಲ್ಲಿ ಇರಲಿಲ್ಲ. ಎದ್ದು, ಬೀರುವಿನ ಹಿಂದೆ ಕೈ ಹಾಕಿ ಊರುಗೋಲನ್ನು ಎಳೆದು, ಧೂಳು ಕೊಡವಿ, ಬಾಗಿಲ ಪಕ್ಕ ನಿಲ್ಲಿಸಿದ. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಎರಡು ವಾರದ ಹಿಂದೆಯೇ "ಇನ್ನು ಇದು ಬೇಡ, ಅಭ್ಯಾಸ ಆಗ್ಬಿಡತ್ತೆ" ಎಂದು ಅದನ್ನು ಅವನ ಕೈಯಿಂದ ಬಿಡಿಸಿದ್ದರು. ಅಭ್ಯಾಸವೇನೂ ಆಗಿರಲಿಲ್ಲ. ವಾರಕ್ಕೊಂದು ದಿನ, ಎರಡು ತಾಸು, ಕೇಳಿಸುವುದಕ್ಕೆ ಬೇಕಾಗಿತ್ತು ಅಷ್ಟೆ. ತುದಿಯ ರಬ್ಬರು ಕಳಚಿ ಬಿದ್ದದ್ದರಿಂದ ನೆಲಕ್ಕೆ ಊರಿದಾಗ ಠಕ್ ಎಂದು ಒಳ್ಳೆಯ ಸದ್ದು ಬರುತ್ತಿತ್ತು.

ಛೆ, ಎಂಥ ಮನುಷ್ಯ ನಾನು ಎಂದು ಅವನಿಗೆ ಅನ್ನಿಸದೇ ಇರಲಿಲ್ಲ. ಅನ್ನಿಸುತ್ತಿತ್ತು, ಹಲ್ಲುಜ್ಜುವಾಗ, ಒಂದು ನಿಮಿಷ. ಆಮೇಲೆ ಹಾಲು ಉಕ್ಕುವಷ್ಟರಲ್ಲಿ ಮರೆತುಹೋಗುತ್ತಿತ್ತು. ಮೂರು ವರ್ಷ ಈ ಹೊತ್ತಿಗೆ ಅವನು ಮನೆಯಲ್ಲಿ ಇದ್ದವನೇ ಅಲ್ಲ. ಐದೂವರೆಗೆಲ್ಲ ಮೇಷ್ಟ್ರ ಮನೆಯ ಗೇಟಿನ ಮುಂದೆ ಇರುತ್ತಿದ್ದ. ಹಳೆಯ ಶೂ ಲೇಸು ಒಂದರ ಎರಡೂ ತುದಿಗೆ ಕುಣಿಕೆ. ಒಂದು ಅವನ ಬಲ ಮುಂಗೈಗೆ, ಇನ್ನೊಂದು ಮೇಷ್ಟ್ರ ಎಡ ಮುಂಗೈಗೆ. ನಡುವೆ ಒಂದು ಗೇಣು. ಆ ಒಂದು ಗೇಣಿನಲ್ಲಿ ಅವರು ಕಾಲುವೆ ಪಕ್ಕದ ರಸ್ತೆಯಲ್ಲಿ ಎಷ್ಟು ಸಾವಿರ ಕಿಲೋಮೀಟರು ಓಡಿದರೋ ಲೆಕ್ಕವಿಲ್ಲ. ಮೊದಮೊದಲು ಅವನು ಎಲ್ಲವನ್ನೂ ಒದರುತ್ತಿದ್ದ: ಗುಂಡಿ, ಕಲ್ಲು, ಏರು, ನಾಯಿ, ಸೈಕಲ್ಲು. ಆರು ತಿಂಗಳಾದ ಮೇಲೆ ಮೇಷ್ಟ್ರೇ ಹೇಳಿದರು: "ಅಣ್ಣ, ಇಷ್ಟೆಲ್ಲ ಬೇಡ. ದಾರಿ ಸರಿ ಇದ್ರೆ ಹೂಂ ಅನ್ನಿ. ಸರಿ ಇಲ್ದಿದ್ರೆ ಊಹೂಂ ಅನ್ನಿ. ನನಗೂ ಮಾತಾಡೋಕೆ ಜಾಗ ಬಿಡಿ." ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ಮನುಷ್ಯ, ಓಡುವಾಗಲೂ ಬಾಯಿ ಮುಚ್ಚುತ್ತಿರಲಿಲ್ಲ. ಸ್ಟಾಫ್ ರೂಮಿನ ಜಗಳ, ಹೆಂಡತಿಯ ಮುನಿಸು, ಹೆಡ್ಮಾಸ್ಟರ ಜಿಪುಣತನ, ಎಲ್ಲ ಆ ದಾರಿಯಲ್ಲೇ. ಅವನು ನಾಲ್ಕು ಹೆಜ್ಜೆಗೊಮ್ಮೆ ಹೂಂ ಅನ್ನುತ್ತಿದ್ದ. ಅಜ್ಜಿಯ ಕತೆಗೆ ಮೊಮ್ಮಗ ಹೂಂಗುಟ್ಟುವ ಹಾಗೆ. ಆ ಹೂಂ ಕತೆಗೋ ದಾರಿಗೋ ಎಂದು ಯಾರೂ ಬೇರೆ ಮಾಡಿ ಕೇಳಲಿಲ್ಲ. ಎರಡಕ್ಕೂ ಒಂದೇ ಸಾಕಾಗಿತ್ತು, ಮೂರು ವರ್ಷ.

ಆಫೀಸಿಗೆ ಹೋಗುವ ಮೊದಲು, ಆಸ್ಪತ್ರೆಯಲ್ಲಿ, ಡಾಕ್ಟರಮ್ಮ ಟೇಪು ಹಿಡಿದು ತೊಡೆಯ ಸುತ್ತಳತೆ ತೆಗೆದುಕೊಂಡರು. ಬಲಗಾಲು ಐವತ್ತೆರಡು, ಎಡಗಾಲು ನಲವತ್ತೊಂಬತ್ತೂವರೆ. ದರ್ಜಿ ಚಡ್ಡಿಗೆ ಅಳತೆ ತೆಗೆಯುವ ಹಾಗೆ ಅವರು ಅಂಕಿಯನ್ನು ಜೋರಾಗಿ ಹೇಳಿದಾಗ ಪಕ್ಕದ ಹಾಸಿಗೆಯಲ್ಲಿ ಭುಜ ಹಿಡಿದುಕೊಂಡು ಮಲಗಿದ್ದ ಹೆಂಗಸು ಇತ್ತ ತಿರುಗಿ ನೋಡಿದಳು. ಅವನು ಹೊಟ್ಟೆ ಒಳಗೆ ಎಳೆದುಕೊಂಡ. ತೊಡೆಯನ್ನು ನೋಡುತ್ತಿದ್ದವಳಿಗೆ ಹೊಟ್ಟೆ ಎಳೆದುಕೊಂಡು ತೋರಿಸಿದ್ದಕ್ಕೆ ಆಮೇಲೆ ಅವನಿಗೇ ನಾಚಿಕೆಯಾಯಿತು. "ಬಾಗೋದು ಚೆನ್ನಾಗಿ ಬಂದಿದೆ. ಬಲ ಬರಬೇಕು. ಮುಂದಿನ ತಿಂಗಳಿಂದ ಎರಡು ನಿಮಿಷ ಓಡಿ, ಎರಡು ನಿಮಿಷ ನಡೀರಿ. ಒಬ್ಬರೇ," ಎಂದರು ಡಾಕ್ಟರಮ್ಮ. ಒಬ್ಬರೇ ಎಂಬುದನ್ನು ಒತ್ತಿ ಹೇಳಿ, "ಇನ್ನೊಬ್ಬರನ್ನ ಕೈಗೆ ಕಟ್ಟಿಕೊಂಡು ಓಡೋದು ಇನ್ನು ಮರೆತುಬಿಡಿ. ಅವರು ಸ್ವಲ್ಪ ಜಗ್ಗಿದ್ರೂ ಈ ಮೊಣಕಾಲು ತಡೆಯಲ್ಲ" ಎಂದರು. ಅವನ ಫೈಲು ಮೇಜಿನ ಮೇಲೆ ತೆರೆದಿತ್ತು. ಮೊದಲ ಹಾಳೆಯಲ್ಲಿ, ಪೆಟ್ಟಾದ ಬಗೆ ಎಂಬ ಕಡೆ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಜೊತೆಯಲ್ಲಿ ಓಡುತ್ತಿದ್ದ ಅಂಧರ ಕಾಲು ಅಡ್ಡ ಸಿಕ್ಕಿ. ಅವನೇ ಹೇಳಿ ಬರೆಸಿದ್ದು. ಪ್ರತಿ ಸಲ ಬಂದಾಗಲೂ ಅವನ ಕಣ್ಣು ಆ ಸಾಲಿನ ಮೇಲೇ ಹೋಗಿ ಬೀಳುತ್ತಿತ್ತು. ಹೇಳುವಾಗ ಸುಲಭವಾಗಿದ್ದ ಮಾತು ಬರೆದ ಮೇಲೆ ಯಾರದೋ ಮೇಲಿನ ದೂರಿನ ಹಾಗೆ ಕಾಣುತ್ತಿತ್ತು.

ಪಾರ್ಸೆಲ್ ಆಫೀಸಿನ ಮೂರನೇ ಕೌಂಟರು ಅವನದು. ತೂಕ ನೋಡು, ವಿಳಾಸ ಓದು, ಚೀಟಿ ಅಂಟಿಸು, ಹಿಂದಿನ ಗಾಡಿಗೆ ಹಾಕು. ಹಿಂದೆಲ್ಲ ನಿಂತೇ ಮಾಡುತ್ತಿದ್ದ ಕೆಲಸ. ಈಗ ಹೆಡ್ ಕ್ಲಾರ್ಕು ಎತ್ತರದ ಸ್ಟೂಲೊಂದನ್ನು ತರಿಸಿ, ಮೇಲೊಂದು ದಿಂಬು ಹಾಕಿಸಿದ್ದರು. "ಬಂದ್ರಪ್ಪಾ ಕುಂಟೆಬಿಲ್ಲೆ ಚಾಂಪಿಯನ್ನು, ಜಾಗ ಬಿಡಿ" ಎಂದು ಅವರು ದಿನಾ ಅನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಕೆಟ್ಟ ಮನುಷ್ಯನಲ್ಲ, ದಿಂಬನ್ನು ತನ್ನ ಮನೆಯಿಂದಲೇ ತಂದವರು. ಹಾಗಾಗಿ ಬೇಜಾರು ಮಾಡಿಕೊಳ್ಳುವ ಹಕ್ಕೂ ಅವನಿಗೆ ಉಳಿದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಒಂದು ಭಾರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿಂದಿನ ಗಾಡಿಗೆ ಹಾಕಿ ತಿರುಗಿ ಬರುವಾಗ, ಕೌಂಟರಿನ ಆಚೆ ಮೇಷ್ಟ್ರ ಹೆಂಡತಿ ನಿಂತಿದ್ದರು. ಕೈಯಲ್ಲಿ ಪಾರ್ಸೆಲ್ ಇರಲಿಲ್ಲ. ಅವರು ಅವನ ಕಾಲನ್ನೇ ನೋಡುತ್ತಿದ್ದರು.

"ಪರವಾಗಿಲ್ವೇ, ಕೋಲಿಲ್ದೆ ಓಡಾಡ್ತಿದ್ದೀರಲ್ಲ. ಇನ್ನೂ ಕೋಲು ಬಿಟ್ಟಿಲ್ಲ ಅಂತಿದ್ರು ಇವರು," ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ತಕ್ಷಣ ಕೌಂಟರಿನ ಅಂಚು ಹಿಡಿದುಕೊಂಡು, "ಹಗಲು ಹೊತ್ತು ಅಷ್ಟು ನೋವಿರಲ್ಲ ಅಮ್ಮಾ, ಸಂಜೆ ಆಗ್ತಾ ಆಗ್ತಾ..." ಎಂದು ಶುರು ಮಾಡಿದ. ಅವರು ಅದನ್ನು ಕೇಳುವುದಕ್ಕೆ ಬಂದಿರಲಿಲ್ಲ. ಹಿಂದೆ ಸಾಲಿನಲ್ಲಿದ್ದವನಿಗೆ ದಾರಿ ಬಿಟ್ಟು, ಪಕ್ಕಕ್ಕೆ ಸರಿದು, ದನಿ ತಗ್ಗಿಸಿದರು. "ಇವರಿಗೆ ನೀವೊಂದು ಮಾತು ಹೇಳ್ಬೇಕು. ನಾನು ಹೇಳಿ ಹೇಳಿ ಸಾಕಾಯ್ತು. ಶೂ ಎತ್ತಿ ಅಟ್ಟಕ್ಕೆ ಹಾಕಿಬಿಟ್ಟಿದಾರೆ. ಹದಿನಾಲ್ಕು ವಾರ ಆಯ್ತು, ಬೆಳಿಗ್ಗೆ ಐದಕ್ಕೆ ಏಳ್ತಾರೆ, ಮಂಚದ ಮೇಲೆ ಕೂತಿರ್ತಾರೆ, ಏಳಾಗೋವರೆಗೂ. ಏನ್ರೀ ಅಂದ್ರೆ ಏನಿಲ್ಲ. ಮಕ್ಕಳ ಮೇಲೆ ರೇಗದೇ ಇದ್ದ ಮನುಷ್ಯ, ಮೊನ್ನೆ ಸ್ಕೂಲಲ್ಲಿ ಸೀಮೆಸುಣ್ಣದ ಡಬ್ಬ ಎಸೆದರಂತೆ. ಸ್ಕೂಲಿಗೆ ಹೊಸ ಡ್ರಿಲ್ ಮೇಷ್ಟ್ರು ಬಂದಿದಾರೆ, ನಾನು ಜೊತೆಗೆ ಓಡ್ತೀನಿ ಸಾರ್ ಅಂತ ತಾವಾಗೇ ಕೇಳಿದ್ರು. ಊಹೂಂ. ಒಬ್ಬರ ಕಾಲು ಮುರಿದಿದ್ದು ಸಾಲ್ದಾ, ಇನ್ನೊಬ್ಬರದ್ದೂ ಮುರೀಲಾ ಅಂತಾರೆ. ನೀವಿಬ್ರೂ ಓಡ್ಬೇಕು ಅಂತಿದ್ದ ಆ ನಲವತ್ತೆರಡು ಕಿಲೋಮೀಟರಿನ ಓಟಕ್ಕೆ ಹೆಸರು ಕೊಡೋಕೆ ಶನಿವಾರ ಕೊನೆ ದಿನ. ನೀವು ಹೇಳಿದ್ರೆ ಕೇಳ್ತಾರೆ. ಬೇರೆ ಯಾರು ಹೇಳಿದ್ರೂ ಕೇಳಲ್ಲ."

ಹೇಳ್ತೀನಿ ಅಮ್ಮಾ, ಎಂದ. ಅವರು ಹೋದ ಮೇಲೆ ಮೂರು ಪಾರ್ಸೆಲಿಗೆ ತಪ್ಪು ಚೀಟಿ ಅಂಟಿಸಿದ. ಹೇಳುವುದೇನೋ ಹೇಳಬಹುದು. ನಿಮ್ಮದೇನು ತಪ್ಪಿಲ್ಲ ಬಿಡಿ ಮೇಷ್ಟ್ರೇ, ಎಂದು ಅವನು ಈ ಹದಿನಾಲ್ಕು ವಾರದಲ್ಲಿ ಹದಿನಾಲ್ಕು ಸಲ ಹೇಳಿಯೂ ಇದ್ದ. ಹಾಗೆ ಹೇಳಿದಷ್ಟೂ ಮೇಷ್ಟ್ರ ಮುಖ ಇನ್ನೂ ಬಾಡುತ್ತಿತ್ತು. ಒಳ್ಳೆಯವರು ಹೇಳುವುದೇ ಹಾಗೆ ಎಂದುಕೊಳ್ಳುತ್ತಿದ್ದರು ಅವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆ ತಾನಾಗಿಯೇ ಬಂದು ಬರೆಗೆ ಬೆನ್ನು ಕೊಟ್ಟು ನಿಂತಿತ್ತು, ಎತ್ತು ಸುಮ್ಮನೆ ಮೆಲುಕು ಹಾಕುತ್ತಿತ್ತು. ಬೇಕಾಗಿದ್ದದ್ದು ಬೇರೆ ಮಾತು. ಅದನ್ನು ಹೇಳಿದರೆ ಮೇಷ್ಟ್ರು ಓಡುತ್ತಾರೆ. ಓಡಿದರೆ, ಡ್ರಿಲ್ ಮೇಷ್ಟ್ರ ಜೊತೆ ಓಡುತ್ತಾರೆ. ಗುರುವಾರ ಸಂಜೆ ಮೂರು ಮಹಡಿ ಹತ್ತಿ ಬರುವ ಋಣ ಅವರಿಗೆ ಉಳಿಯುವುದಿಲ್ಲ. ಹಾಗಾದಾಗ ವಾರದಲ್ಲಿ ಅವನ ಬಾಗಿಲು ತಟ್ಟುವವರು ಯಾರು? ಹಾಲಿನವನು ಬಾಗಿಲು ತಟ್ಟುವುದಿಲ್ಲ, ಪ್ಯಾಕೆಟ್ಟು ಹಿಡಿಕೆಗೆ ಸಿಕ್ಕಿಸಿ ಹೋಗುತ್ತಾನೆ. ಅಕ್ಕ ಭಾನುವಾರ ಫೋನು ಮಾಡಿ, ಕಾಲು ಹೇಗಿದೆಯೋ ಎಂದು ಕೇಳಿ, ಉತ್ತರ ಬರುವ ಮೊದಲೇ ತನ್ನ ಸೊಂಟದ ವಿಚಾರ ಶುರು ಮಾಡುತ್ತಾಳೆ. ಅವನಿಗೆ ಗುರುವಾರ ಬೇಕಾಗಿತ್ತು. ಅಷ್ಟು ಸ್ಪಷ್ಟವಾಗಿ ಅದನ್ನು ಒಪ್ಪಿಕೊಂಡದ್ದು ಅದೇ ಮೊದಲು, ನಾಲ್ಕನೇ ತಪ್ಪು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಾಗ.

ಇಷ್ಟಕ್ಕೂ ಆವತ್ತು ಆಗಿದ್ದೇನು. ಕಾಲುವೆ ರಸ್ತೆಗೆ ಹೊಸದಾಗಿ ಟಾರು ಹಾಕಿದ್ದರು. ಮೂರು ವರ್ಷದಲ್ಲಿ ಮೊದಲ ಸಲ ಒಂದು ಗುಂಡಿ ಇಲ್ಲ, ಕಲ್ಲಿಲ್ಲ, ಅಷ್ಟು ಹೊತ್ತಿಗೆ ನರಪಿಳ್ಳೆಯೂ ಇಲ್ಲ. ಹತ್ತು ಕಿಲೋಮೀಟರು ಮುಗಿದಿತ್ತು, ಉಸಿರು ಹದಕ್ಕೆ ಬಂದಿತ್ತು, ಮೇಷ್ಟ್ರು ಬಲಗಡೆ ಏನೋ ಹೇಳುತ್ತಿದ್ದರು. ಅವನಿಗೆ ಇದ್ದಕ್ಕಿದ್ದ ಹಾಗೆ ನೋಡುವುದು ಸಾಕಾಯಿತು. ಎರಡು ಜನರ ಪಾಲಿನದು ಒಬ್ಬನೇ ನೋಡಿ ನೋಡಿ, ನಿದ್ದೆಯಲ್ಲೂ ಗುಂಡಿ ಕಾಣುವಷ್ಟಾಗಿತ್ತು. ಐದು ಹೆಜ್ಜೆ, ಐದೇ ಹೆಜ್ಜೆ ಎಂದುಕೊಂಡು ಕಣ್ಣು ಮುಚ್ಚಿದ. ಐದಾದ ಮೇಲೆ ತೆರೆಯಲಿಲ್ಲ. ರೆಪ್ಪೆಯ ಮೇಲೆ ತಣ್ಣನೆ ಗಾಳಿ. ಮುಂಗೈಯಲ್ಲಿ ಲೇಸು ಮೆತ್ತಗೆ ಎಳೆಯುತ್ತಿತ್ತು. ಈ ಹೊತ್ತು ಮೇಷ್ಟ್ರೇ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎನ್ನಿಸಿತು. ಅವನಿಗೆ ನಿಜವಾಗಿ ಸುಖವಾಯಿತು, ಆ ವಯಸ್ಸಿನಲ್ಲಿ ಇನ್ನೊಬ್ಬರ ಕೈ ಹಿಡಿದು ಹೋಗುವ ಸುಖ. ಬಾಯಿ ತನ್ನಷ್ಟಕ್ಕೆ ಹೂಂ, ಹೂಂ ಅನ್ನುತ್ತಿತ್ತು. ಹದಿನೆಂಟೋ ಇಪ್ಪತ್ತೋ ಹೆಜ್ಜೆ. ಅಷ್ಟರಲ್ಲಿ ಅವನು ಎಡಕ್ಕೆ ಸರಿಯುತ್ತ ಸರಿಯುತ್ತ ರಸ್ತೆಯ ಅಂಚಿಗೆ ಬಂದಿದ್ದ. ಹೊಸ ಟಾರು ಪಕ್ಕದ ಮಣ್ಣಿಗಿಂತ ನಾಲ್ಕು ಬೆರಳು ಎತ್ತರ. ಎಡಗಾಲು ಕೆಳಗೆ ಹೋಯಿತು, ಮೊಣಕಾಲು ತಿರುಚಿತು, ಒಳಗೆ ಏನೋ ಹರಿದ ಸದ್ದು ಕಿವಿಗಲ್ಲ ಹೊಟ್ಟೆಗೆ ಕೇಳಿಸಿತು, ಲೇಸಿನ ಜೊತೆ ಮೇಷ್ಟ್ರೂ ಬಂದು ಅವನ ಮೇಲೆ ಬಿದ್ದರು. ಮೊದಲು ಎದ್ದವರು ಅವರೇ. ಎರಡೂ ಕೈಯಿಂದ ಅವನನ್ನು ತಡಕುತ್ತ, ಮುಖ, ಎದೆ, ತೊಡೆ, "ಅಣ್ಣ, ನನ್ನ ಕಾಲು ಸಿಕ್ಕಿತಾ? ನಾನು ತುಳಿದೆನಾ?" ಎಂದರು. ಅವನು ಹಲ್ಲು ಕಚ್ಚಿಕೊಂಡು ಹೂಂ ಎಂದ. ನೋವಿಗೆ ಎಂದದ್ದು ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ನೋವು ಹೋದ ಮೇಲೂ ಆ ಹೂಂ ಹಾಗೇ ಉಳಿಯಿತು.

ಸಂಜೆ ಕುರ್ಚಿ ಒರೆಸಿದ. ಅಂಗಿ ಬದಲಾಯಿಸಿದ. ಕೋಲನ್ನು ಮತ್ತೆ ಬೀರುವಿನ ಹಿಂದೆ ಇಟ್ಟ. ಇವತ್ತು ಹೇಳಿಯೇ ಬಿಡುವುದು ಎಂದು ಗಟ್ಟಿ ಮಾಡಿಕೊಂಡು ಕಿಟಕಿಯ ಹತ್ತಿರ ನಿಂತ. ಕೆಳಗೆ ಬೀದಿಯಲ್ಲಿ ಬಿಳಿ ಕೋಲು ಆಡಿಸುತ್ತ ಮೇಷ್ಟ್ರು ತಿರುವಿನಲ್ಲಿ ಕಾಣಿಸಿಕೊಂಡರು. ಒಂದು ಕೈಯಲ್ಲಿ ಹಣ್ಣಿನ ಚೀಲ. ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಐವತ್ತನಾಲ್ಕು ಮೆಟ್ಟಿಲು, ಅವರು ಎಣಿಸುತ್ತಾರೆ. ನಲವತ್ತು ದಾಟಿರಬೇಕು ಎನ್ನುವಾಗ ಅವನು ಬೀರುವಿನ ಹಿಂದೆ ಕೈ ಹಾಕಿದ. ಬೇಡ ಬೇಡ ಎಂದುಕೊಳ್ಳುತ್ತಲೇ, ಠಕ್, ಠಕ್, ಠಕ್ ಎಂದು ನಡೆದುಹೋಗಿ ಬಾಗಿಲು ತೆಗೆದ.

"ಕೂತ್ಕೊಳ್ಳಿ ಅಣ್ಣ, ಎದ್ದು ಬರಬೇಡಿ ಅಂತ ಎಷ್ಟು ಸಲ ಹೇಳೋದು," ಎಂದರು ಮೇಷ್ಟ್ರು. ಕುರ್ಚಿಯ ಬೆನ್ನು ಮುಟ್ಟಿ ಕೂತು, ಚೀಲದಿಂದ ಕಿತ್ತಳೆ ತೆಗೆದು ಸಿಪ್ಪೆ ಸುಲಿಯತೊಡಗಿದರು. ಸಿಪ್ಪೆ ಒಂದೇ ಸುರುಳಿಯಾಗಿ ಬರಬೇಕು ಅವರಿಗೆ. ಪರೀಕ್ಷೆಯಲ್ಲಿ ಒಬ್ಬ ಹುಡುಗ ಬರೆದನಂತೆ: ರಾಜನು ಯುದ್ಧದಲ್ಲಿ ಮಡಿದನು, ನಂತರ ರಾಜೀನಾಮೆ ಕೊಟ್ಟನು. ಓದಿ ಹೇಳಿದ ಗುಮಾಸ್ತೆ ನಕ್ಕು ನಕ್ಕು ಸುಸ್ತಾದಳಂತೆ. "ನಾನು ಅರ್ಧ ಅಂಕ ಕೊಡಿಸಿದೆ. ಸತ್ತಿದ್ದಂತೂ ನಿಜ ಅಲ್ವಾ?" ಹೂಂ, ಎಂದ ಅವನು. ಹಣ್ಣನ್ನು ಎರಡು ಪಾಲು ಮಾಡಿ ದೊಡ್ಡದನ್ನು ಅವನತ್ತ ಚಾಚಿದರು. ಅವನು ಅದನ್ನು ಬಾಯಿಗೆ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡ.

"ನಿಮ್ಮನೆಯವರು ಕೌಂಟರಿಗೆ ಬಂದಿದ್ರು ಮೇಷ್ಟ್ರೇ."

"ಬಂದಿರ್ತಾಳೆ. ನಾನು ಬೆಳಿಗ್ಗೆ ಹೊತ್ತು ಮನೇಲಿ ಇದ್ರೆ ಅವಳಿಗೆ ಕಷ್ಟ, ಗುಡಿಸೋಕೆ ಅಡ್ಡ."

"ಡ್ರಿಲ್ ಮೇಷ್ಟ್ರು ಒಳ್ಳೆಯವರಂತೆ."

"ಒಳ್ಳೆಯವರೇ. ಅದಕ್ಕೇ ಬೇಡ ಅಂದಿದ್ದು."

ಅವನು ಕೋಲನ್ನು ನೆಲಕ್ಕೆ ಮಲಗಿಸಿದ. "ಮೇಷ್ಟ್ರೇ, ನಾನು ಕಣ್ಣು ಮುಚ್ಚಿದ್ದೆ," ಎಂದ.

"ಯಾವಾಗ?"

"ಅವತ್ತು. ಬೀಳೋಕೆ ಮುಂಚೆ."

"ನಿದ್ದೆ ಬಂದಿತ್ತಾ?"

"ಇಲ್ಲ. ಬೇಕಂತಲೇ ಮುಚ್ಚಿದ್ದೆ. ನೋಡಿ ನೋಡಿ ಸಾಕಾಗಿತ್ತು. ಅಂಚಿಗೆ ಹೋಗಿದ್ದು ನಾನು, ಬಿದ್ದಿದ್ದು ನಾನು. ನಿಮ್ಮ ಕಾಲು ನನಗೆ ತಾಗಲೇ ಇಲ್ಲ."

ಮೇಷ್ಟ್ರ ಬೆರಳು ಹಣ್ಣಿನ ಮೇಲೆ ನಿಂತಿತು. ಅವರು ಬೈಯುತ್ತಾರೆ ಎಂದು ಅವನು ಕಾದ, ಬೈದರೆ ಚೆನ್ನಾಗಿತ್ತು. "ಹಾಗಾದ್ರೆ ನಾನು ತುಳೀಲಿಲ್ಲ," ಎಂದರು, ತಮಗೇ ಹೇಳಿಕೊಳ್ಳುವ ಹಾಗೆ. ತುಳೀಲಿಲ್ಲ ಮೇಷ್ಟ್ರೇ, ಎಂದ. ಅವರು ದೀರ್ಘವಾಗಿ ಉಸಿರು ಬಿಟ್ಟರು. ಹೆಗಲು ಇಳಿದವು. ಒಂದು ಕ್ಷಣ ಅವರ ಮುಖದಲ್ಲಿ ಬರೀ ಸಂತೋಷವೇ ಕಾಣಿಸಿತು. ಅದನ್ನು ನೋಡಿ ಅವನಿಗೆ ಧೈರ್ಯ ಬಂದು, ಇದ್ದದ್ದನ್ನೆಲ್ಲ ಒಂದೇ ಸಲಕ್ಕೆ ಮುಗಿಸಿಬಿಡುವ ಆಸೆಯಾಯಿತು. "ಈ ಕೋಲೂ ಅಷ್ಟೆ. ಎರಡು ವಾರದಿಂದ ಬೇಕಾಗಿಲ್ಲ ನನಗೆ," ಎಂದ.

"ಅದು ಗೊತ್ತು," ಎಂದರು ಮೇಷ್ಟ್ರು. "ಅದರ ಮೇಲೆ ಭಾರ ಬೀಳ್ತಾ ಇರಲಿಲ್ಲ. ಸದ್ದಲ್ಲೇ ಗೊತ್ತಾಗುತ್ತೆ. ನಾನು ಬರೋದು ನಿಮಗೆ ಬೇಕೇನೋ ಅನ್ಕೊಂಡು ಸುಮ್ಮನಿದ್ದೆ. ಅದರಲ್ಲೇನು ತಪ್ಪು, ನನಗೂ ಬರೋದು ಬೇಕಾಗೇ ಇತ್ತು." ತಮ್ಮ ಪಾಲಿನ ಹಣ್ಣಿನ ನಾರು ಬಿಡಿಸುತ್ತ ಕೇಳಿದರು: "ಎಷ್ಟು ಹೊತ್ತು ಮುಚ್ಚಿದ್ರಿ?"

"ಇಪ್ಪತ್ತು ಹೆಜ್ಜೆ ಇರಬಹುದು."

"ಹೂಂ ಅಂತಿದ್ರಿ ಆದ್ರೂ."

"ಅಂತಿದ್ದೆ."

"ಆ ಇಪ್ಪತ್ತು ಹೆಜ್ಜೆಲಿ ನಾನು ಏನು ಹೇಳ್ತಿದ್ದೆ, ನೆನಪಿದೆಯಾ?"

ಅವನು ಬಾಯಿ ತೆರೆದ. ಸ್ಟಾಫ್ ರೂಮಿನದು ಎನ್ನಬಹುದಿತ್ತು. ಸಾಮಾನ್ಯವಾಗಿ ಅದೇ ಇರುತ್ತಿತ್ತು. ಎದುರಿಗೆ ಮೇಷ್ಟ್ರು ಮುಖವನ್ನು ಸ್ವಲ್ಪ ಓರೆ ಮಾಡಿ, ಕಿವಿಯನ್ನು ಅವನತ್ತ ಕೊಟ್ಟು ಕಾಯುತ್ತಿದ್ದರು. ಅವನು ತೆರೆದ ಬಾಯಿ ಮುಚ್ಚಿಕೊಂಡ.

"ನಿಮ್ಮ ಕಾಲಿಗೋಸ್ಕರ ಬರ್ತಿದ್ದೆ ಅನ್ಕೊಂಡಿದ್ರಾ ಅಣ್ಣ? ಕಾಲಿಗೆ ಅಂತ ಒಂದು ನಾಲ್ಕು ವಾರ ಬಂದಿರಬಹುದು. ಅವತ್ತು ಒಂದು ವಿಷಯ ಹೇಳಿದ್ದೆ ನಿಮಗೆ. ಮನೇಲೂ ಹೇಳಿಲ್ಲ, ಎಲ್ಲೂ ಹೇಳಿಲ್ಲ. ಮೂರು ವರ್ಷ ಹೇಳಬೇಕು ಹೇಳಬೇಕು ಅಂತಿದ್ದು, ಅವತ್ತು ರಸ್ತೆ ಚೆನ್ನಾಗಿತ್ತು, ಬಾಯಿಗೆ ಬಂತು. ನೀವು ಏನೂ ಕೇಳಲಿಲ್ಲ, ಅಯ್ಯೋ ಅನ್ನಲಿಲ್ಲ, ಹೆಜ್ಜೆ ತಪ್ಪಲಿಲ್ಲ. ಹೂಂ ಅಂದ್ರಿ. ಅಷ್ಟು ಸಾಕಾಗಿತ್ತು ನನಗೆ. ಅದು ತಿಳಿದೂ ನನ್ನ ಜೊತೆ ಕೂತು ಹಣ್ಣು ತಿನ್ನೋ ಒಬ್ಬರು ಇದಾರೆ ಅಂತ ಬರ್ತಿದ್ದೆ."

"ಈಗ ಹೇಳಿ ಮೇಷ್ಟ್ರೇ. ಕೇಳಿಸ್ಕೋತೀನಿ."

ಅವರು ನಕ್ಕರು, ಕೋಪ ಇರಲಿಲ್ಲ. "ಎರಡನೇ ಸಲ ಹೇಳೋ ಅಂಥದ್ದಲ್ಲ ಅದು," ಎಂದರು. ಸಿಪ್ಪೆಯನ್ನು ಚೀಲಕ್ಕೆ ಹಾಕಿಕೊಂಡರು, ಎದ್ದರು, ಶನಿವಾರ ಹೆಸರು ಕೊಡ್ತೀನಿ, ಒಳ್ಳೇದೇ ಆಯ್ತು ನೀವು ಹೇಳಿದ್ದು, ಎಂದರು. ಬಾಗಿಲ ಹತ್ತಿರ ಅವನ ತೋಳನ್ನು ಒಮ್ಮೆ ತಟ್ಟಿ, ಕಾಲು ನೋಡ್ಕೊಳ್ಳಿ, ಎಂದರು. ಮುಂದಿನ ಗುರುವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಐವತ್ತನಾಲ್ಕು ಮೆಟ್ಟಿಲೂ ಮುಗಿಯುವವರೆಗೆ ಅವನು ಬಾಗಿಲಲ್ಲೇ ನಿಂತಿದ್ದ.

ಒಳಗೆ ಬಂದು ಕೂತ. ಹೊರಗೆ ಇನ್ನೂ ಬೆಳಕಿತ್ತು. ಅಂಗೈಯಲ್ಲಿ ತನ್ನ ಪಾಲಿನ ಕಿತ್ತಳೆ ಬೆಚ್ಚಗಾಗಿತ್ತು. ಬಿದ್ದ ದಿನವನ್ನು ಮೊದಲಿನಿಂದ ನೆನಪು ಮಾಡಿಕೊಳ್ಳಲು ಶುರು ಮಾಡಿದ: ಗೇಟು, ಲೇಸು, ಕಾಲುವೆಯ ಮೇಲಿನ ಮಂಜು, ಹೊಸ ಟಾರಿನ ವಾಸನೆ. ಹತ್ತನೇ ಕಿಲೋಮೀಟರಿನ ಕಲ್ಲು. ಅಲ್ಲಿಂದ ಆಚೆಗೆ ಮೇಷ್ಟ್ರ ದನಿ ಎಂದಿಗಿಂತ ಸ್ವಲ್ಪ ತಗ್ಗಿತ್ತು, ನಡುವೆ ಒಮ್ಮೆ ತಡೆದಿತ್ತು, ಎರಡು ಹೆಜ್ಜೆ ಸುಮ್ಮನಿದ್ದು ಮತ್ತೆ ಮುಂದುವರಿದಿತ್ತು. ಅಷ್ಟು ಖಂಡಿತ. ಎಲ್ಲಿ ಉಸಿರು ತೆಗೆದುಕೊಂಡರು ಎಂಬುದು ಕೂಡ ನೆನಪಿತ್ತು. ಮಾತು ಒಂದೂ ಇರಲಿಲ್ಲ. ಅವನು ಮತ್ತೆ ಗೇಟಿನಿಂದ ಶುರು ಮಾಡಿದ.